ಸ್ಕೋಪು ಬಿಸಿಯಾಗುವ ಎರಡು ನಿಮಿಷ

ನನ್ನ ಹಳೆಯ ಮಾನಿಟರ್ ಸ್ಕೋಪು ಬಿಸಿಯಾಗಲು ಎರಡು ನಿಮಿಷ ಬೇಕು. ಗುಂಡಿ ತಿರುಗಿಸಿದರೆ ಒಳಗಿನ ವಾಲ್ವುಗಳು ಮೈಮುರಿದು, ಆಕಳಿಸಿ, ‘ಮತ್ತೆ ಬಂದೆಯಾ ಮಹರಾಯ’ ಎಂದು ಗೊಣಗಿಕೊಂಡ ಮೇಲಷ್ಟೇ ದುಂಡು ಪರದೆಯ ಮೇಲೆ ಹಸಿರು ಗೆರೆ ಮೂಡುತ್ತದೆ. ಅಷ್ಟರಲ್ಲಿ ನನ್ನ ಕಾಫಿ ಮುಗಿದಿರುತ್ತದೆ. ಇತ್ತೀಚೆಗೆ ಹಾಸಿಗೆ ಬಿಟ್ಟೇಳಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ಅದನ್ನು ದೂರುವ ನೈತಿಕ ಹಕ್ಕು ನನಗಿಲ್ಲ.

ಹವ್ಯಾಸಿ ರೇಡಿಯೋದವನ ಮನೆಯಲ್ಲಿ ಈ ಪೆಟ್ಟಿಗೆಗೆ ಒಂದೇ ಉದ್ಯೋಗ, ಪ್ರಸಾರವಾಗುವ ಮಾತಿನ ಆಕಾರವನ್ನು ತೋರಿಸುವುದು. ಮೈಕಿನ ಮಟ್ಟ ಮಿತಿಯಲ್ಲಿದ್ದರೆ ಅಲೆಗಳ ನೆತ್ತಿ ದುಂಡಗಿರುತ್ತದೆ. ಅತಿಯಾದರೆ ಕತ್ತರಿಸಿದಂತೆ ಚಪ್ಪಟೆಯಾಗಿ ದನಿ ಒಡೆಯುತ್ತದೆ. ನಾನಾದರೋ ಜಯನಗರದ ನನ್ನ ಮಹಡಿ ಕೋಣೆಯಲ್ಲಿ ರಿಸೀವರಿನಿಂದಲೂ ಇದಕ್ಕೊಂದು ತಂತಿ ಎಳೆದು, ಪರರ ಮಾತನ್ನೂ ಪರೀಕ್ಷಿಸುವ ಪರೋಪಕಾರಿಯಾದೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ನಾವೊಂದಷ್ಟು ಮಂದಿ ಗಾಳಿಯಲ್ಲಿ ಸೇರುತ್ತಿದ್ದೆವು. ದನಿ ಹೇಗಿದ್ದರೂ ‘ಫೈವ್ ನೈನ್’ ಎಂದು ಪೂರ್ಣಾಂಕ ಕೊಡುವುದು ನಮ್ಮವರ ದಾಕ್ಷಿಣ್ಯ, ಮದುವೆಯೂಟ ಹೇಗಿದ್ದರೂ ಹೊಗಳುವ ಹಾಗೆ. ನನಗೆ ಮಾತ್ರ ಆ ದಾಕ್ಷಿಣ್ಯವಿರಲಿಲ್ಲ. ಸತ್ಯಸಂಧನೆಂಬ ಹೆಸರಿತ್ತು, ಆ ಹೆಸರಿನ ಮೇಲೆ, ಸುಳ್ಳೇಕೆ, ಮೋಹವೂ ಇತ್ತು.

ಬಳಗದ ಹಿರಿಯರು ಕುಮಾರಸ್ವಾಮಿ ಲೇಔಟಿನ ಶ್ರೀಕಂಠಯ್ಯನವರು, ನಿವೃತ್ತ ಮೇಷ್ಟರು, ನನಗೆ ಮೋರ್ಸ್ ತಂತಿಸಂಕೇತ ಕಲಿಸಿದವರು. ಒಂದು ಬೆಳಿಗ್ಗೆ ಅವರು ಎಂದಿಗಿಂತ ದೀರ್ಘವಾಗಿ ಮಾತನಾಡಿದರು. ನನ್ನ ಕಣ್ಣು ಪರದೆಯಲ್ಲಿ ನೆಟ್ಟಿತ್ತು, ನೆತ್ತಿಗಳೆಲ್ಲ ಚಪ್ಪಟೆ! ಅವರು ಮಾತು ಮುಗಿಸಿ ‘ಓವರ್’ ಎಂದದ್ದೇ ತಡ, “ಸಾರ್, ಪೀಕ್ ಫ್ಲಾಟ್ ಆಗ್ತಿದೆ, ಮೈಕ್ ಗೇನ್ ಸ್ವಲ್ಪ ಇಳಿಸಿ” ಎಂದೆ.

ಅವರು, “ಇಳಿಸಿದೀನಿ ರಾಯರೇ. ಈಗ ಸರಿಹೋಯ್ತಾ?” ಎಂದರು. ಸರಿಹೋಗಿದೆಯೆಂದು ನಾನು ಪ್ರಮಾಣಪತ್ರ ಕೊಟ್ಟೆ.

ಅವರು ಹೇಳಿದ್ದೇನೆಂದು ತಿಳಿದದ್ದು ಆಮೇಲೆ, ಬನಶಂಕರಿಯ ಗೆಳೆಯನೊಬ್ಬ ಫೋನು ಮಾಡಿ “ನಿಂಗೆ ಕಿವಿ ಇಲ್ವೇನೋ?” ಎಂದು ಬೈದಾಗ. ಗಂಟಲಲ್ಲಿ ಗಂಟು, ಸೋಮವಾರ ಆಪರೇಷನ್, ದನಿ ಉಳಿಯುತ್ತದೆಂದು ಡಾಕ್ಟರು ಭರವಸೆ ಕೊಟ್ಟಿಲ್ಲ, ಇದೇ ಕೊನೆಯ ಮಾತಾದರೂ ಆಗಬಹುದು, ಎಲ್ಲರಿಗೂ ನಮಸ್ಕಾರ. ಎಲ್ಲರಿಗೂ ಕೇಳಲೆಂದೇ ಅವರು ಅಷ್ಟು ಗಟ್ಟಿಯಾಗಿ ಮಾತನಾಡಿದ್ದು. ಅಷ್ಟನ್ನೂ ನಾನು ನೋಡಿದ್ದೆ, ಒಂದಕ್ಷರ ಕೇಳಿರಲಿಲ್ಲ. ಇಂಥವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನಾನಂತೂ ನಾಚಿಕೆಯಿಂದ ಕುಗ್ಗಿಹೋದೆ.

ಆಪರೇಷನ್ ಆದ ಮೇಲೆ ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿದೆ. ಮಾತನಾಡಕೂಡದೆಂಬ ಆಜ್ಞೆಯಾಗಿದ್ದ ಅವರು ಮಂಚದ ಕಂಬಿಯ ಮೇಲೆ ಬೆರಳಿನಿಂದ ಮೋರ್ಸಿನಲ್ಲಿ ಕುಟ್ಟಿದರು: ಫೈವ್ ನೈನ್. ಆ ಪೂರ್ಣಾಂಕವನ್ನು ಹೊತ್ತುಕೊಂಡು ಮನೆಗೆ ಬಂದು, ಸ್ಕೋಪಿಗೆ ಒಂದು ಹಳೆಯ ಟವೆಲ್ಲು ಹೊದಿಸಿದೆ. ಯಾಕೋ ಎಲ್ಲವೂ ಸಾಕೆನಿಸಿತ್ತು.

ಮೂರು ತಿಂಗಳ ಮೇಲೆ, ಅದೇ ಏಳು ಗಂಟೆಗೆ, ಸ್ಪೀಕರಿನಲ್ಲಿ ಒರಟಾದ ಪಿಸುಮಾತೊಂದು ಕೇಳಿತು.

“ರಾಯರೇ, ನೋಡಿ ಹೇಳಿ. ಈಗ್ಲೂ ಫ್ಲಾಟ್ ಆಗ್ತಿದೆಯಾ?”

ಟವೆಲ್ಲು ಸರಿಸಿ ಗುಂಡಿ ತಿರುಗಿಸಿದೆ. “ಇದು ಬಿಸಿ ಆಗ್ಬೇಕು ಸಾರ್, ಎರಡು ನಿಮಿಷ. ಅಲ್ಲೀವರೆಗೂ ಮಾತಾಡ್ತಿರಿ” ಎಂದೆ.

ಅವರು ಗಂಜಿಯೂಟದ ಬೇಸರವನ್ನೂ, ಗೇಟಿನ ಬಳಿಯ ಕರಿಬೇವು ಚಿಗುರಿದ್ದನ್ನೂ, ತಮ್ಮ ದನಿಯನ್ನು ತಾವೇ ಗುರುತು ಹಿಡಿಯಲಾರದೆ ಹೆದರಿದ್ದನ್ನೂ ನಿಧಾನವಾಗಿ ಹೇಳುತ್ತಾ ಹೋದರು. ಪಕ್ಕದಲ್ಲಿ ಕಾಫಿ ಆರಿತು. ಹಸಿರು ಗೆರೆ ಯಾವಾಗ ಮೂಡಿತೋ, ನಾನು ನೋಡಲಿಲ್ಲ.