ಹಸಿರು ಉಲ್ಕೆಗೆ ಒಬ್ಬನೇ ಸಾಕ್ಷಿ

ತಾಕತ್ತಿದ್ದರೆ ನಂಬದೇ ಇರಿ ನೋಡೋಣ: ಆಕಾಶ ಚಕ್ಕುಲಿ ಸುತ್ತಿದ್ದನ್ನು ನಾನು ಈ ಕಣ್ಣಿಂದ ಕಂಡಿದ್ದೇನೆ. ಹಿರೇಕೆರೂರಿನಿಂದ ಹಾನಗಲ್ಲಿನ ತನಕ ನನ್ನಷ್ಟು ಸುಳ್ಳು ಹೇಳಿಯೂ ನನ್ನಷ್ಟು ಮರ್ಯಾದೆ ಉಳಿಸಿಕೊಂಡವರು ಇನ್ನೊಬ್ಬರಿಲ್ಲ. ಆದರೆ ಚಕ್ಕುಲಿ ನಿಜ. ಕಷ್ಟವೇನೆಂದರೆ, ಅದಕ್ಕಿದ್ದ ಒಬ್ಬನೇ ಸಾಕ್ಷಿ ನನ್ನ ಬಾಲ್ಯದ ಗೆಳೆಯ ಗುರುಸಿದ್ದಪ್ಪ. ಅವನೋ ಎರಡು ವರ್ಷದಿಂದ ನನ್ನ ಕೂಡ ಮಾತು ಬಿಟ್ಟಿದ್ದ.

ತಪ್ಪು ನನ್ನದೇ. ಶಿಗ್ಗಾಂವಿಯಿಂದ ಬೀಗರು ಹದಿನೈದು ಜನ ಬರುತ್ತಾರೆಂದು ಅವನಿಗೆ ಸುಳ್ಳು ಸುದ್ದಿ ಮುಟ್ಟಿಸಿದ್ದೆ. ಮನೆತುಂಬ ಹೋಳಿಗೆ ಬೆಂದವು. ಬೀಗರ ಬದಲು ನಾನೊಬ್ಬನೇ ಹೋದೆ. ಐದು ಹೋಳಿಗೆ ಇಳಿದ ಮೇಲೆ ನಿಜ ಹೇಳಿದೆ. ಮೊದಲೇ ಹೇಳಿದ್ದರೆ ತುಪ್ಪ ಬೀಳುತ್ತಿರಲಿಲ್ಲ.

ಕಳೆದ ಚಳಿಗಾಲ ರಸ್ತೆಯಂಚಿಗೆ ಒಣಹಾಕಿದ ಗೋವಿನಜೋಳ ಕಾಯುತ್ತ ಇಬ್ಬರೂ ಕೂತಿದ್ದೆವು. ಅವನ ರಾಶಿಗೆ ಅವನು, ನನ್ನ ರಾಶಿಗೆ ನಾನು, ಬೆನ್ನಿಗೆ ಬೆನ್ನು. ಬೆಳಗಿನ ಜಾವ ರಸ್ತೆಯೆಲ್ಲ ಫಕ್ಕನೆ ಬೆಳಗಿತು. ಹಸಿರು ಉಲ್ಕೆಯೊಂದು ಉರಿದುಕೊಂಡು ಹೋಯಿತು. ಅದು ಬಿಟ್ಟುಹೋದ ಬೆಳ್ಳನೆಯ ಗೆರೆ ಮಾತ್ರ ಆರಲಿಲ್ಲ. ಮೇಲಿನ ಗಾಳಿಗೆ ಸಿಕ್ಕು ಮೆಲ್ಲಗೆ ಬಾಗಿ, ಸುತ್ತಿ, ಚಕ್ಕುಲಿಯಾಗಿ ನಿಂತಿತು.

ನಮ್ಮೂರ ಮಾಸ್ತರು ಹೇಳುವಂತೆ ಉಲ್ಕೆಯೆಂದರೆ ಜೋಳದ ಕಾಳಿನಷ್ಟು ಕಲ್ಲು. ನೇರ ನಮ್ಮ ಕಡೆಗೇ ಬಂದರೆ ಅದು ಓಡುವುದೇ ಕಾಣುವುದಿಲ್ಲವಂತೆ. ನಿಂತಲ್ಲೇ ಚಿಕ್ಕೆಯಂತೆ ಉಬ್ಬಿ ಆರುತ್ತದಂತೆ. ಮಾಸ್ತರು ಹೇಳಿದರೆ ಇದು ವಿಜ್ಞಾನ, ನಾನು ಹೇಳಿದರೆ ಹಳೇ ಚಾಳಿ.

ಮುಂಜಾನೆ ಚಹಾದಂಗಡಿಯಲ್ಲಿ ಹಸಿರು ಉಲ್ಕೆ, ಬಿಳಿ ಚಕ್ಕುಲಿ ಎಲ್ಲ ಹೇಳಿದೆ. ಅಂಗಡಿಯ ಈರಪ್ಪ ಕೇಳಿದ: "ಚಕ್ಕುಲಿ ಯಾವ ಎಣ್ಯಾಗ ಕರದಿದ್ರು ಯಜಮಾನ್ರ?" ಎಲ್ಲರೂ ನಕ್ಕರು. ಅಗೋ, ಮೂಲೆಯಲ್ಲಿ ಚಹಾ ಕುಡಿಯುತ್ತಿರುವ ಗುರುಸಿದ್ದಪ್ಪನೂ ಕಂಡಿದ್ದಾನೆ, ಅವನನ್ನೇ ಕೇಳಿ ಎಂದುಬಿಟ್ಟೆ. ಅಂದಮೇಲೆ ಹೊಳೆಯಿತು: ಊರು ನನ್ನನ್ನು ನಂಬದಿದ್ದರೆ ಹೋಗಲಿ; ಈಗಲೂ ಅವನು ಬಾಯಿ ಬಿಡದಿದ್ದರೆ ಗೆಳೆತನ ಅಲ್ಲಿಗೇ ಮುಗಿದಂತೆ.

ಅವನು ಚಹಾದ ಬಸಿ ಕೆಳಗಿಟ್ಟ.

"ಖರೇ ಐತಿ. ಹಸರ ಬಣ್ಣಾನ ಇತ್ತು, ನಾನೂ ನೋಡೇನಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆದ್ರ ಹೋಳಿಗಿ ಮರ್ತಿಲ್ಲ ನಾ, ಮಗನ."

ಇನ್ನು ಒಂದನ್ನು ಒಪ್ಪಿಕೊಳ್ಳಬೇಕು. ಉಲ್ಕೆ ಹಾದುಹೋದ ಹೊತ್ತು ನಾನು ತಲೆ ಬಗ್ಗಿಸಿ ಬೀಡಿ ಹಚ್ಚುತ್ತಿದ್ದೆ. ಬೆಳಕು ಕಂಡೆ, ಚಕ್ಕುಲಿ ಕಂಡೆ, ಉಲ್ಕೆಯನ್ನು ಕಾಣಲಿಲ್ಲ. ಹಸಿರು ನಾನೇ ಬಳಿದ ಬಣ್ಣ. ಗುರುಸಿದ್ದಪ್ಪ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಅದು ನಿಜಕ್ಕೂ ಹಸಿರಾಗಿತ್ತೋ, ನನಗಾಗಿ ಮೊದಲ ಸುಳ್ಳು ಹೇಳಿದನೋ, ಇಂದಿಗೂ ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾನೆ, ಆ ಮನುಷ್ಯ.