ಒಂಬತ್ತು ಸೆಕೆಂಡು ಮೊದಲೇ ಎದ್ದ ಕೈ

ಕಾರ್ಡು ಹಾಳಾಗಿರಲಿಲ್ಲ, ವಾಮನಣ್ಣ. ಡ್ರೋನು ಬಿದ್ದ ಏಟಿಗೆ ಮೆಮರಿ ಕಾರ್ಡು ಹೋಯಿತು, ಒಳಗಿದ್ದ ವಿಡಿಯೋ ಎಲ್ಲ ಅಳಿಸಿಹೋಯಿತು ಎಂದು ಕುಕ್ಕುಂದೂರಿನ ಆ ಮದುವೆಮನೆಯ ಅಂಗಳದಲ್ಲಿ ನಿಂತು ಹೇಳಿದೆನಲ್ಲ — ಸುಳ್ಳು. ಕಾರ್ಡು ಮೂರು ವರ್ಷದಿಂದ ಕಾಪುವಿನ ನನ್ನ ಸ್ಟುಡಿಯೋದಲ್ಲಿಯೇ ಇದೆ, ಹಳೆಯ ಫಿಲ್ಮ್ ರೋಲಿನ ಡಬ್ಬಿಯೊಂದರಲ್ಲಿ. ಅದರಲ್ಲಿ ನೀವಿದ್ದೀರಿ. ನಿಮ್ಮ ತಪ್ಪು ಅದರಲ್ಲಿಲ್ಲ, ನನ್ನದಿದೆ.

ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆಯೇ ಅನುಮಾನ. ನಿಮ್ಮ ಮರ್ಯಾದೆಗಾಗಿ ಬರೆಯುತ್ತಿದ್ದೇನೆಯೋ, ನನ್ನ ನಿದ್ದೆಗಾಗಿಯೋ... ಅನುಮಾನ ನನ್ನ ಹುಟ್ಟುಗುಣ. ಅಂಗಡಿಯವನು ನಗುನಗುತ್ತಾ ಮಾತಾಡಿಸಿದರೆ ತೂಕದಲ್ಲಿ ಏನೋ ಹೆಚ್ಚುಕಮ್ಮಿ ಇದೆ ಎಂದುಕೊಳ್ಳುವವನು ನಾನು. ಹೆಂಡತಿ ಕೇಳದೆಯೇ ಚಹಾ ತಂದಿಟ್ಟರೆ, ತವರಿಗೆ ಹೊರಡುವ ಅಂದಾಜೋ ಎಂದು ಕೇಳಿ ಬೈಸಿಕೊಂಡವನು. ಇಂಥವನು ಕಣ್ಣುಮುಚ್ಚಿ ನಂಬಿದ್ದು ಜೀವನದಲ್ಲಿ ಒಂದನ್ನೇ, ಅದೂ ಒಂದು ಯಂತ್ರವನ್ನು.

ಮೊದಲ ಡ್ರೋನು ಕೊಂಡ ಹೊಸದರಲ್ಲಿ ನಾನು ಹೆದರಿ ಹೆದರಿ ಹಾರಿಸುತ್ತಿದ್ದೆ. ಹಾರಿಸುವವನ ಕಣ್ಣು ಪರದೆಯ ಮೇಲಿರುವಾಗ ಆಕಾಶ ನೋಡಲು ಇನ್ನೊಬ್ಬರು ಬೇಕು. ಆ ಕೆಲಸಕ್ಕೆ ನಿಮ್ಮನ್ನು ಬಿಟ್ಟರೆ ಯಾರು? ಕೈರಂಪಣಿ ಬಲೆ ಎಳೆಯುವ ಮೀನುಗಾರರಿಗೆ ದಡದಲ್ಲಿ ನಿಂತು, ನೀರಿನ ಬಣ್ಣ ನೋಡಿ, ಬೂತಾಯಿ ಮೀನಿನ ಹಿಂಡು ಎಲ್ಲಿದೆ ಎಂದು ತೋರಿಸುತ್ತಿದ್ದವರು ನೀವು. ಹೆಗಲ ಮೇಲಿನ ಟವೆಲು, ಆ ಬೈರಾಸು ತೆಗೆದು ಎಡಕ್ಕೆ ಬೀಸಿದರೆ ದೋಣಿ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ, ತಲೆಯ ಮೇಲೆ ಸುತ್ತಿದರೆ ಅಲ್ಲಿಯೇ ನಿಲ್ಲಬೇಕು. ಅದೇ ಬೈರಾಸನ್ನು ನನ್ನ ಡ್ರೋನಿಗೂ ಬೀಸಿದಿರಿ. ಎರಡು ವರ್ಷ ಅದಕ್ಕೆ ಒಂದು ತೆಂಗಿನ ಗರಿ ಕೂಡ ತಾಗಲಿಲ್ಲ. "ಕಾಪುವಿನ ವಾಮನನ ಕಣ್ಣು" ಎಂದು ಜನ ಹೇಳುವಾಗ ನೀವು ನಾಚಿಕೊಂಡು ನೆಲ ನೋಡುತ್ತಿದ್ದಿರಿ.

ಆಮೇಲೆ ನಾನು ಉಡುಪಿಗೆ ಹೋಗಿ ಹೊಸ ಡ್ರೋನು ತಂದೆ. ಅಂಗಡಿಯ ಹುಡುಗಿ ಹೇಳಿದ್ದಳು, "ಇದಕ್ಕೆ ಸುತ್ತ ಕಣ್ಣು ಉಂಟು ಸರ್. ಅಡ್ಡ ಎಂತ ಬಂದ್ರೂ ತಾನೇ ನಿಲ್ತದೆ." ಅದನ್ನು ನಿಮಗೆ ಹೆಮ್ಮೆಯಿಂದ ಹೇಳಿದೆ. ನೀವು ಡ್ರೋನನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಿರಿ.

"ಗಾಳದ ದಾರ ಕಾಣ್ತದಾ ಇದಕ್ಕೆ?"

ನಾನು ನಕ್ಕುಬಿಟ್ಟೆ. ಮುದುಕರಿಗೆ ಕೆಲಸ ಹೋಗುವ ಹೆದರಿಕೆ ಎಂದುಕೊಂಡೆ. ಸಪೂರ ತಂತಿ, ದಾರ ಇದಕ್ಕೆ ಕಾಣುವುದಿಲ್ಲ ಎಂದು ಡಬ್ಬಿಯೊಳಗಿನ ಪುಸ್ತಕದಲ್ಲಿಯೇ ಬರೆದಿತ್ತು. ನಾನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಅದೇ ತಿಂಗಳು ನಿಮ್ಮ ತಂಗಿಯ ಮಗ ಧೀರಜ್ ಮಣಿಪಾಲದಲ್ಲಿ ಡ್ರೋನು ಕೊಂಡ. ನನ್ನ ಹತ್ತಿರ ಮಾತಾಡಿ ಹೋಗಿದ್ದ ಎರಡು ಮದುವೆಯವರು ಅವನ ಕಡೆ ಹೋದರು. ಅಷ್ಟು ಸಾಕಾಯಿತು ನನಗೆ. ನೀವು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಅವನ ಹತ್ತಿರವೇ, ಮದುವೆಮನೆಯಲ್ಲಿ ಯಾರೊಡನೆಯಾದರೂ ನಿಂತರೆ ಅವನ ನಂಬರು ಕೊಡುವುದಕ್ಕೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ — ಒಂದು ದಿನವಾದರೂ ನಿಮ್ಮನ್ನು ನೇರ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ನೀವು ಇಲ್ಲ ಎನ್ನುತ್ತಿದ್ದಿರಿ, ಆಗ ನಾನು ನಂಬಬೇಕಾಗುತ್ತಿತ್ತು.

ಕುಕ್ಕುಂದೂರಿಗೆ ಹೋದ ಬೆಳಿಗ್ಗೆ ನಿಮ್ಮ ಹೆಗಲಿನಿಂದ ಬೈರಾಸು ತೆಗೆಸಿದವನೂ ನಾನೇ. "ಎಂತ ವಾಮನಣ್ಣ, ಮದುವೆಮನೆಗೆ ಬೈರಾಸು? ಪಾರ್ಟಿಯವರು ನಗಾಡ್ತಾರೆ." ನೀವು ಅದನ್ನು ಮಡಚಿ ಕಾರಿನ ಸೀಟಿನ ಮೇಲೆ ಇಟ್ಟಿರಿ. ಆಮೇಲೆ, ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ ಎಂದು ನಿಮ್ಮನ್ನು ದೂರ ಗೇಟಿನ ಹತ್ತಿರ ನಿಲ್ಲಿಸಿದೆ. ನಿಜವಾಗಿ ನನಗೆ ಬೇಕಾಗಿದ್ದದ್ದು, ನೀವು ಒಬ್ಬರೇ ಇದ್ದಾಗ ಯಾರ ಹತ್ತಿರ ಹೋಗುತ್ತೀರಿ ಎಂದು ನೋಡುವುದು.

ಹತ್ತು ನಿಮಿಷವೂ ಆಗಿರಲಿಲ್ಲ, ನೀವು ಮದುಮಗಳ ಸೋದರಮಾವನೊಡನೆ ಮಾತಿಗೆ ನಿಂತಿರಿ. ಆ ಹೊತ್ತಿಗೆ ಡ್ರೋನು ಮನೆಯ ಎದುರು ಆಕಾಶದಲ್ಲಿತ್ತು. ಅದರಲ್ಲಿ ಒಂದು ಏರ್ಪಾಡು ಉಂಟು — ಪರದೆಯ ಮೇಲೆ ಯಾರನ್ನಾದರೂ ಗುರುತು ಮಾಡಿ ಗುಂಡಿ ಒತ್ತಿದರೆ, ಅವರನ್ನೇ ನೋಡುತ್ತಾ ಅದು ತಾನಾಗಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಮದುಮಗಳು ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದಳು. ನಾನು ಗುರುತು ಮಾಡಿದ್ದು ನಿಮ್ಮನ್ನು. ನನ್ನ ಕಣ್ಣಾಗಿದ್ದವರ ಮೇಲೆ ನಾನು ಕಣ್ಣಿಟ್ಟೆ, ವಾಮನಣ್ಣ. ಡ್ರೋನು ಎತ್ತ ಹೋಗುತ್ತಿದೆ, ಅದರ ಬೆನ್ನ ಹಿಂದೆ ಏನಿದೆ — ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಅಡ್ಡ ಬಂದರೆ ತಾನೇ ನಿಲ್ಲುತ್ತದಲ್ಲ.

ಡ್ರೋನಿನ ವಿಡಿಯೋದಲ್ಲಿ ಸ್ವರ ಇರುವುದಿಲ್ಲ. ಮಾವ ಏನೋ ಹೇಳುತ್ತಾ ಮೇಲಕ್ಕೆ ಬೆರಳು ತೋರಿಸುತ್ತಾರೆ. ನೀವು ತಲೆ ಎತ್ತುತ್ತೀರಿ. ಮರುಕ್ಷಣ ನಿಮ್ಮ ಕೈ ಮೇಲಕ್ಕೆ ಹೋಗಿ ಅತ್ತಿತ್ತ ಆಡುತ್ತದೆ — ಬೇಡ, ಬೇಡ ಎಂಬಂತೆ. ಅದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು. ನೋಡಿದೆ, ಮತ್ತು ಅಂದುಕೊಂಡೆ: ಈ ಡ್ರೋನಿನವನು ಬೇಡ, ನನ್ನ ಅಳಿಯನನ್ನು ಕರೆಸಿ ಎನ್ನುತ್ತಿದ್ದಾರೆ. ನೀವು ಎರಡೂ ಕೈ ಎತ್ತಿ ನನ್ನ ಕಡೆ ಓಡತೊಡಗಿದಿರಿ. ಸಿಕ್ಕಿಬಿದ್ದದ್ದಕ್ಕೆ ಓಡಿ ಬರುತ್ತಿದ್ದಾರೆ ಎಂದುಕೊಂಡೆ. ಬೈರಾಸು ಒಂದು ಕೈಯಲ್ಲಿ ಇದ್ದಿದ್ದರೆ... ಇಲ್ಲ, ಅದನ್ನು ತೆಗೆಸಿದವನೂ ನಾನಲ್ಲವೇ.

ಗಿಡುಗ ಬಂದು ಕೋಳಿಮರಿ ಎತ್ತಿಕೊಂಡು ಹೋಗದಿರಲಿ ಎಂದು ಆ ಮನೆಯವರು ಪಕ್ಕದ ಅಂಗಳದ ಮೇಲೆ, ತೆಂಗಿನ ಮರದಿಂದ ತಾರಸಿಗೆ, ಗಾಳದ ನೈಲಾನ್ ದಾರ ಎಳೆದು ಕಟ್ಟಿದ್ದರು. ಮಾವ ನಿಮಗೆ ಬೆರಳು ತೋರಿಸಿದ್ದು ಅದನ್ನೇ. ಯಂತ್ರದ ಅಷ್ಟೂ ಕಣ್ಣುಗಳಿಗೆ ಅದು ಕಾಣಲಿಲ್ಲ. ಡ್ರೋನು ಸಿಕ್ಕಿಕೊಂಡು, ತಿರುಗಿ, ಕೆಳಗೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದ ಮದುಮಗಳ ಚಿಕ್ಕಮ್ಮ ಜಲಜಕ್ಕನ ತೋಳಿನ ಮೇಲೆ ಬಿತ್ತು. ಐದು ಹೊಲಿಗೆ. ಬುಟ್ಟಿಯ ಹೂವಿನ ಮೇಲೆಲ್ಲ ರಕ್ತ. ಅವರು ಗುಣವಾದರು, ದೇವರ ದಯೆ; ತೋಳಿನಲ್ಲಿ ಗೀಟು ಉಳಿದಿದೆ.

ಜನ ಸೇರಿದರು. ಯಾರೋ ನನ್ನ ಕಾಲರಿಗೆ ಕೈ ಹಾಕಿದರು. ಆಗ ನನ್ನ ಬಾಯಿಯಿಂದ ಬಂದದ್ದು ಇದು: "ಮೇಲೆ ನೋಡುವ ಕೆಲಸ ಇವರದ್ದು. ಇವರಿಗೆ ಈಗ ದೂರದ್ದು ಸರಿ ಕಾಣುದಿಲ್ಲ. ಪಾಪ ಅಂತ ಇಟ್ಟುಕೊಂಡದ್ದು ನಾನು."

ನೀವು ಸಿಟ್ಟು ಮಾಡಲಿಲ್ಲ. ಏದುಸಿರು ಬಿಡುತ್ತಾ ನನ್ನ ಮುಖ ನೋಡಿದಿರಿ.

"ಹೌದಾ ಸತೀಶಾ? ನಾನು ಕೈ ಎತ್ತುವಾಗ ತಡ ಆಯ್ತಾ?"

"ತಡ ಆಯ್ತು ವಾಮನಣ್ಣ."

ನೀವು ಜಲಜಕ್ಕನ ಎದುರು ಹೋಗಿ ಕೈ ಮುಗಿದು ನಿಂತಿರಿ. ಕಾಪುವಿಗೆ ಮರಳುವ ದಾರಿಯಲ್ಲಿ ಬೈರಾಸನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಿರಿ, ಹೆಗಲಿಗೆ ಹಾಕಲಿಲ್ಲ. ಅಂದು ಸಂಜೆ ನಾನು ಕಾರ್ಡು ಹಾಕಿ ನೋಡಿದೆ. ನಿಮ್ಮ ಕೈ ಎದ್ದ ಕ್ಷಣದಿಂದ ಚಿತ್ರ ತಿರುಚಿಕೊಳ್ಳುವವರೆಗೆ ಒಂಬತ್ತು ಸೆಕೆಂಡು. ಡ್ರೋನು ನಿಲ್ಲಿಸಲು ಒಂದು ಸಾಕು.

ಆಮೇಲೆ ನೀವು ಮಣಿಪಾಲಕ್ಕೆ ಹೋಗಿ ಕಣ್ಣು ತೋರಿಸಿದಿರಂತೆ. ಮಿಷನಿನಲ್ಲಿ ನೋಡಿ, ದೂರದ ದೃಷ್ಟಿ ಚೆನ್ನಾಗಿದೆ ಎಂದರಂತೆ ಡಾಕ್ಟರು. "ಮಿಷನ್‌ಗೆ ಎಂತ ಗೊತ್ತು, ಸತೀಶ ಕಣ್ಣಾರೆ ಕಂಡಿದ್ದಾನೆ" ಎಂದು ನೀವು ಮನೆಯಲ್ಲಿ ಹೇಳಿದ್ದನ್ನು ಧೀರಜನೇ ಸ್ಟುಡಿಯೋಗೆ ಬಂದು ನನಗೆ ಹೇಳಿದ. ಹೇಳುವಾಗ ನನ್ನನ್ನು ದಿಟ್ಟಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಫಿಲ್ಮ್ ಡಬ್ಬಿ ಇದ್ದ ಕಪಾಟಿನ ಕಡೆ ನೋಡಿದೆ. ಅವನಿಗೆ ಗೊತ್ತಾಗಿದೆ ಎಂದು ಒಂದು ವರ್ಷ ಹೆದರಿದೆ. ಮದುವೆಯವರನ್ನು ಅವನ ಕಡೆ ಕಳಿಸಿದ್ದೂ ನೀವಲ್ಲ. ರೇಟಿನಲ್ಲಿ ಒಂದು ರೂಪಾಯಿ ಸೋಡಿ ಬಿಡದ ನನ್ನ ಬಾಯಿಯೇ ಕಾರಣ ಎಂದು ಆಮೇಲೆ ಅವರೇ ನನ್ನ ಮುಖಕ್ಕೆ ಹೇಳಿದರು. ಕೈರಂಪಣಿಯವರು ಕರೆದರೂ ನೀವು ಹೋಗಲಿಲ್ಲ. ಈಗ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತೀರಿ ಎಂದು ಕೇಳಿದೆ.

ಇಷ್ಟೆಲ್ಲ ತಿಳಿದೂ ಬಾಯಿ ಬಿಡದವನು ನಾನು. ಕಳೆದ ವಾರ ಕಾಪು ಪೇಟೆಯಲ್ಲಿ ಹೆದ್ದಾರಿ ದಾಟಲು ನಿಂತಿದ್ದಿರಿ. ನಾನು ತಪ್ಪಿಸಿಕೊಂಡು ಹೋಗುವ ಮೊದಲೇ ನನ್ನ ಕೈ ಹಿಡಿದಿರಿ.

"ಸತೀಶಾ, ಆ ಬಸ್ಸು ಹತ್ತಿರ ಉಂಟಾ, ದೂರ ಉಂಟಾ?"

ಬಸ್ಸು ಎಲ್ಲಿಯೋ ದೂರದಲ್ಲಿ ಬೆರಳಿನಷ್ಟು ಕಾಣುತ್ತಿತ್ತು. "ದೂರ ಉಂಟು ವಾಮನಣ್ಣ" ಎಂದೆ.

"ನನಗೂ ಹಾಗೇ ಕಂಡಿತು ಮಾರಾಯ. ಆದ್ರೆ ನನ್ನ ಕಣ್ಣನ್ನು ನಂಬ್ಲಿಕ್ಕೆ ಆಗುದಿಲ್ಲ, ಅಲ್ವಾ?"

ನಾನು ನಿಮ್ಮನ್ನು ದಾಟಿಸಿದೆ. ಆಚೆ ಬದಿಯಲ್ಲಿ ನೀವು ನನಗೆ ಉಪಕಾರ ಆಯ್ತು ಎಂದಿರಿ. ನನ್ನ ಅನುಮಾನವನ್ನು ನಿಮ್ಮ ಕಣ್ಣೊಳಗೆ ಹಾಕಿ ಬಂದಿದ್ದೇನೆ ನಾನು.

ಈಗಲೂ ಡ್ರೋನು ಹಾರಿಸುತ್ತೇನೆ. ಕಣ್ಣು ಆಕಾಶ ಬಿಡುವುದಿಲ್ಲ; ಗುಂಡಿ ಒತ್ತಿ ಸುಮ್ಮನೆ ನಿಲ್ಲುವುದಿಲ್ಲ; ಹಿಂದಿನ ದಿನವೇ ಹೋಗಿ ಅಂಗಳದ ದಾರ, ತಂತಿ ಎಲ್ಲ ನಡೆದು ನೋಡಿ ಬರುತ್ತೇನೆ. ಅದು ನಿಮ್ಮಿಂದ ಕಲಿತದ್ದು. ಅದರಿಂದ ನಿಮಗೆ ಏನೂ ಮರಳಿ ಸಿಗಲಿಲ್ಲ.

ನಾಳೆ ಬೆಳಿಗ್ಗೆ ಕಾರ್ಡು, ಲ್ಯಾಪ್‌ಟಾಪು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಧೀರಜ್ ಇರಲಿ. ಕೈರಂಪಣಿಯವರನ್ನೂ ಕರೆಯಿರಿ. ಅಲ್ಲಿಂದ ಕುಕ್ಕುಂದೂರಿಗೆ, ಜಲಜಕ್ಕನ ಮನೆಗೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟೇಬಿಡುತ್ತೀರಿ ಎಂಬ ಅನುಮಾನ ನನಗಿದೆ. ವಿಡಿಯೋ ಓಡುವಾಗ ನಾನು ಏನೂ ಹೇಳುವುದಿಲ್ಲ. ನಿಮ್ಮ ಕೈ ಎಲ್ಲಿ ಏಳುತ್ತದೆ, ಡ್ರೋನು ಎಲ್ಲಿ ಸಿಕ್ಕಿಕೊಳ್ಳುತ್ತದೆ, ನಡುವೆ ಎಷ್ಟು ಹೊತ್ತಿತ್ತು — ನನ್ನ ಮಾತು ನಂಬಬೇಡಿ ವಾಮನಣ್ಣ, ನೀವೇ ನೋಡಿ.