ಕೂಲರ್ ಚಾಚಾರ ಹೆಬ್ಬಾವು

ಕೊಟ್ಟೂರಿನ ನಮ್ಮ ಓಣಿಯ ಕೂಲರ್ ಮೆಕ್ಯಾನಿಕ್ ಚಾಚಾ ಬಾಲ್ ಪೈಥಾನ್ ಎಂಬ ಪುಟ್ಟ ವಿದೇಶಿ ಹೆಬ್ಬಾವು ಸಾಕಿದ್ದರು. ತುಕ್ಕು ಹಿಡಿದ ನಟ್ಟಿಗಾಗಲಿ, ಹಾವಿನ ಪೊರೆಗಾಗಲಿ ಅವರದು ಒಂದೇ ಮಾತು: "ಎಳೀಬ್ಯಾಡಲೇ, ನೆನಸು." ಅದನ್ನೇ ಮೂಗಿನ ದನಿಯಲ್ಲಿ ನಕಲು ಮಾಡಿ ಓಣಿಯನ್ನೆಲ್ಲ ನಗಿಸುತ್ತಿದ್ದವನು ನಾನು.

ಒಂದು ಬೇಸಿಗೆಯಲ್ಲಿ ಹಾವಿದ್ದ ಪೆಟ್ಟಿಗೆಯ ತೇವ ಆರಿ, ಕಳಚಬೇಕಿದ್ದ ಪೊರೆ ಅದರ ಕಣ್ಣಿಗೇ ಅಂಟಿಕೊಂಡಿತು. ಕಿತ್ತುಬಿಡಲು ನನ್ನ ಕೈ ತುರಿಸುತ್ತಿತ್ತು.

"ಕಿತ್ತೀಯಂದ್ರ ಅದರ ಕಣ್ಣಽ ಹೋಗ್ತಾವ!" ಎಂದು ಚಾಚಾ ನನ್ನ ಕೈಗೊಂದು ಏಟು ಕೊಟ್ಟು, ಹಾವನ್ನು ಒದ್ದೆ ಟವೆಲ್ಲಿನ ಸುರುಳಿಯೊಳಗೆ ಬಿಟ್ಟರು. ಅದು ನಿಧಾನಕ್ಕೆ ಹರಿದು, ಇನ್ನೊಂದು ತುದಿಯಿಂದ ನನ್ನ ತೊಡೆಗಿಳಿಯಿತು. ಟವೆಲ್ಲಿನಲ್ಲಿ ಉಳಿದ ಪೊರೆಯನ್ನು ಚಾಚಾ ಬೆಳಕಿಗೆ ಹಿಡಿದರು.

"ಕಣ್ಣಿನ ಪೊರಿ ಎರಡೂ ಬಂದಾವಲೇ!" ಎಂದು ಧಪಧಪ ಕುಣಿದರು. ಆ ಸದ್ದಿಗೆ ಹಾವು ನನ್ನ ತೊಡೆಯ ಮೇಲೇ ಚೆಂಡಾಗಿ ಮುದುಡಿತು.

"ಪಾಪ, ಅಂಜೈತಿ. ಸಮಾಧಾನ ಮಾಡಲೇ," ಎಂದರು ಚಾಚಾ.

ಅದಕ್ಕಿಂತ ಹೆಚ್ಚು ಅಂಜಿದ್ದ ನಾನು ಕಣ್ಣು ಮುಚ್ಚಿಕೊಂಡು, ಒಂದೇ ಬೆರಳಿನಿಂದ ಅದರ ಬೆನ್ನು ಸವರಿದೆ.